ಬಡಾವಣೆಯ ಅಂಗಳದಲ್ಲಿ ರೈತರ ಸಂತೆ: ಜಾಗ ಕೊಡಲು ಸಾಕಷ್ಟು ಕಾರಣಗಳಿವೆಯೆ?

ಪ್ರಶ್ನೆ: ಬೋಗಾದಿಯ ನಿವಾಸಿ, ಮೈಸೂರು

ಎಲ್ಲರಿಗೂ ನಮಸ್ಕಾರ. ನಮ್ಮ ಬಡಾವಣೆಯ ನಿವಾಸಿಗಳ ಸಂಘಕ್ಕೆ ಸೇರಿದ ಸಮುದಾಯ ಭವನದ ಮುಂದೆ ವಿಶಾಲವಾದ ಅಂಗಳವೊಂದಿದೆ. ಜಯಪುರದ ಕಡೆಯ ಮತ್ತು ಎಚ್.ಡಿ. ಕೋಟೆ ರಸ್ತೆಯ ಹಳ್ಳಿಗಳ ಹತ್ತು ಹನ್ನೆರಡು ಮಂದಿ ಸಣ್ಣ ಬೆಳೆಗಾರರು ಪ್ರತಿ ಭಾನುವಾರ ಬೆಳಿಗ್ಗೆ ಆರೂವರೆಯಿಂದ ಹತ್ತು ಗಂಟೆಯವರೆಗೆ ಅಲ್ಲಿ ಕುಳಿತು, ತಾವೇ ಬೆಳೆದ ಸೊಪ್ಪು, ತರಕಾರಿ, ಬಾಳೆಹಣ್ಣು ಮತ್ತು ಕಾಳುಗಳನ್ನು ಮಾರಲು ಅವಕಾಶ ಕೊಡಬೇಕೆಂದು ಸಂಘಕ್ಕೆ ಮನವಿ ಸಲ್ಲಿಸಿದ್ದಾರೆ. ಮುಂದಿನ ತಿಂಗಳ ಸಭೆಯಲ್ಲಿ ಇದರ ಬಗ್ಗೆ ತೀರ್ಮಾನವಾಗಬೇಕಿದ್ದು, ವಿಷಯವನ್ನು ಸಭೆಯ ಮುಂದಿಡುವ ಹೊಣೆಯನ್ನು ನನಗೆ ವಹಿಸಿದ್ದಾರೆ.

ಕಳೆದ ಸಭೆಯಲ್ಲಿ ಈ ಮಾತು ಬಂದಾಗಲೇ ಆಕ್ಷೇಪಗಳೂ ಬಂದವು. ತರಕಾರಿ ಈಗ ಮೊಬೈಲಿನಲ್ಲಿ ಕೇಳಿದ ಅರ್ಧ ಗಂಟೆಯೊಳಗೆ ಮನೆಬಾಗಿಲಿಗೆ ಬರುತ್ತದೆ, ಅನೇಕ ದಿನ ಅಂಗಡಿಗಿಂತ ಅಗ್ಗವಾಗಿಯೂ ಬರುತ್ತದೆ. ಹೀಗಿರುವಾಗ ಸಂತೆಯ ಅಗತ್ಯವೇನು ಎಂದು ಒಬ್ಬರು ಕೇಳಿದರು. ಬರುವವರು ನಿಜವಾಗಿಯೂ ಬೆಳೆಗಾರರೋ ಅಥವಾ ಸಗಟು ಮಾರುಕಟ್ಟೆಯಲ್ಲಿ ಕೊಂಡು ತಂದು ಇಲ್ಲಿ ಮಾರುವವರೋ ಎಂದು ತಿಳಿಯುವುದು ಹೇಗೆ ಎಂದು ಇನ್ನೊಬ್ಬರು ಕೇಳಿದರು. ಕಸ ಮತ್ತು ವಾಹನ ನಿಲುಗಡೆಯ ಚಿಂತೆಯಂತೂ ಇದ್ದೇ ಇದೆ.

ನಾನು ಹುಟ್ಟಿ ಬೆಳೆದದ್ದು ಸಂತೇಮರಹಳ್ಳಿಗೆ ಹತ್ತಿರದ ಒಂದು ಊರಿನಲ್ಲಿ. ಅಮ್ಮನ ಸೆರಗು ಹಿಡಿದು ಸಂತೆಯಲ್ಲಿ ನಡೆದದ್ದು, ಕೊಂಡದ್ದರ ಮೇಲೆ ಅಮ್ಮ ಕೊಸರು ಕೇಳಿ ಪಡೆಯುತ್ತಿದ್ದದ್ದು ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಆದರೆ ನನ್ನ ನೆನಪು ನನಗೆ ಎಷ್ಟೇ ಪ್ರಿಯವಾಗಿದ್ದರೂ ಸಭೆಯಲ್ಲಿ ಅದು ಕಾರಣವೆನಿಸುವುದಿಲ್ಲ. ಇಂಥ ಸಂತೆಯಿಂದ ಬೆಳೆಯುವವರಿಗೂ ಕೊಳ್ಳುವವರಿಗೂ ಆಗುವ ನಿಜವಾದ ಪ್ರಯೋಜನವೇನು, ಅದು ಎಲ್ಲಿ ಸೋಲುತ್ತದೆ, ಸೋಲದಂತೆ ಏನು ಮಾಡಬೇಕು ಎಂಬುದನ್ನು ಅನುಭವವುಳ್ಳವರು ದಯವಿಟ್ಟು ತಿಳಿಸಿಕೊಡಬೇಕೆಂದು ಕೋರುತ್ತೇನೆ.

ಉತ್ತರ 1: ತರಕಾರಿ ಬೆಳೆಗಾರ, ಚಿಂತಾಮಣಿ ತಾಲ್ಲೂಕು

ಬೋಗಾದಿಯ ಸ್ನೇಹಿತರಿಗೆ ನಮಸ್ಕಾರ. ನನಗೆ ಎರಡು ಎಕರೆ ಜಮೀನಿದೆ. ಕೊಳವೆಬಾವಿಯ ನೀರು ಇರುವಷ್ಟು ಜಾಗದಲ್ಲಿ ಟೊಮೆಟೊ ಇಡುತ್ತೇನೆ. ಉಳಿದ ಅರ್ಧ ಎಕರೆಯಲ್ಲಿ ಹೀರೆ, ಬದನೆ, ಹುರುಳಿಕಾಯಿ, ದಂಟು, ಮೆಂತ್ಯ, ಬದುವಿನ ಮೇಲೆ ಒಂದಿಷ್ಟು ನುಗ್ಗೆ ಹೀಗೆ ಹಲವನ್ನು ಬೆಳೆಯುತ್ತೇನೆ. ಈ ಎರಡು ಬಗೆಯ ಬೆಳೆಗೆ ಎರಡು ಬಗೆಯ ಮಾರುಕಟ್ಟೆ ಬೇಕು ಎಂಬುದು ನಾನು ಹೇಳಬೇಕಾದ ಮುಖ್ಯ ಮಾತು.

ಟೊಮೆಟೊಗೆ ದೊಡ್ಡ ಮಾರುಕಟ್ಟೆಯೇ ಸರಿ. ಕೋಲಾರದ ಮಾರುಕಟ್ಟೆಗೆ ಹೊರರಾಜ್ಯಗಳ ಖರೀದಿದಾರರು ಬರುತ್ತಾರೆ, ನೂರಾರು ಬಾಕ್ಸ್‌ಗಳನ್ನು ಹರಾಜಿನ ಒಂದೇ ಕೂಗಿಗೆ ಹಿಡಿಯುತ್ತಾರೆ, ಲಾರಿಗೆ ತುಂಬುತ್ತಾರೆ. ಒಂದು ಬಾಕ್ಸ್ ಎಂದರೆ 15 ಕಿಲೋ. 2023ರ ಜುಲೈನಲ್ಲಿ ಅದೇ ಬಾಕ್ಸ್ 2,000 ರೂಪಾಯಿ ದಾಟಿದ್ದನ್ನು ಕಂಡಿದ್ದೇವೆ. ಬಿಡಿಸುವ ಕೂಲಿಯೂ ಹುಟ್ಟದೆ ಹಣ್ಣನ್ನು ಗಿಡದಲ್ಲೇ ಬಿಟ್ಟ ವರ್ಷಗಳನ್ನೂ ಕಂಡಿದ್ದೇವೆ. ಅದು ಬೇರೆಯೇ ಕಥೆ. ಆದರೆ ಅಷ್ಟೊಂದು ಟೊಮೆಟೊವನ್ನು ಯಾವ ಸಂತೆಯಲ್ಲೂ ಕುಳಿತು ಮಾರಲಾಗದು ಎಂಬುದನ್ನು ಒಪ್ಪಲೇಬೇಕು.

ಈಗ ನನ್ನ ಹೀರೇಕಾಯಿಯ ವಿಷಯಕ್ಕೆ ಬನ್ನಿ. ಒಂದು ದಿನ ಒಂಬತ್ತು ಕಿಲೋ ಸಿಗುತ್ತದೆ, ಇನ್ನೊಂದು ದಿನ ನಾಲ್ಕು ಕಿಲೋ. ಹಿಂದೊಮ್ಮೆ ಆ ಒಂಬತ್ತು ಕಿಲೋವನ್ನು ಬೇರೊಂದು ಊರಿನ ಮಾರುಕಟ್ಟೆಗೆ ಒಯ್ದಿದ್ದೆ. ಅಷ್ಟು ಚಿಕ್ಕ ಗುಡ್ಡೆಯನ್ನು ಯಾರೂ ಪ್ರತ್ಯೇಕವಾಗಿ ಕೂಗಲಿಲ್ಲ. ಬೇರೆಯವರ ಮಾಲಿನ ಪಕ್ಕಕ್ಕೆ ತಳ್ಳಿ, ಕೊನೆಯಲ್ಲಿ ಕಿಲೋಗೆ 12 ರೂಪಾಯಿಯಂತೆ ಲೆಕ್ಕ ಹಾಕಿದರು. ತೂಕದಲ್ಲಿ ಒಂದಿಷ್ಟು ಮುರಿದುಕೊಂಡು, ಹಮಾಲಿ ಮತ್ತು ಕಮಿಷನ್ ಕಳೆದು, ಮುದ್ರೆಯಿಲ್ಲದ ಒಂದು ಬಿಳಿ ಚೀಟಿಯ ಮೇಲೆ ಮೊತ್ತ ಬರೆದು ಕೊಟ್ಟರು. ಆಟೋ ಬಾಡಿಗೆಗೆ ಕೈಯಿಂದ ಸೇರಿಸಿ ಕೊಟ್ಟು ಮನೆಗೆ ಬಂದೆ. ಅಂದು ನನಗೆ ಆದ ನೋವು ಹಣದ್ದಲ್ಲ. ಆ ಹೀರೇಕಾಯಿ ಎಳೆಯದಾಗಿತ್ತು, ಬೆಳಗಿನ ಜಾವ ಕೊಯ್ದದ್ದಾಗಿತ್ತು, ಒಂದಕ್ಕೂ ಹುಳುಕು ಇರಲಿಲ್ಲ. ಅದನ್ನು ಕೈಗೆತ್ತಿಕೊಂಡು ನೋಡುವವರೇ ಅಲ್ಲಿರಲಿಲ್ಲ.

ಅಂಥದೇ ಹೀರೇಕಾಯಿಯನ್ನು ಈಗ ವಾರದ ಸಂತೆಯಲ್ಲಿ 30 ರೂಪಾಯಿಗೆ ಮಾರುತ್ತೇನೆ, ಕೊಳ್ಳುವವರೂ ಸಂತೋಷದಿಂದ ಕೊಳ್ಳುತ್ತಾರೆ. ಬೆಳೆದ ಮಾಲು ಸ್ವಲ್ಪವೇ ಇರುವ, ಹಲವು ಬಗೆಯಾಗಿರುವ ರೈತನಿಗೆ ಸಂತೆಯಲ್ಲದೆ ಬೇರೆ ಮಾರುಕಟ್ಟೆಯಿಲ್ಲ. ಸಂತೆ ಇಲ್ಲವಾದರೆ ಅವನು ಹಲವನ್ನು ಬೆಳೆಯುವುದನ್ನೇ ಬಿಟ್ಟು, ಲಾರಿ ತುಂಬುವ ಒಂದೇ ಬೆಳೆಗೆ ಇಳಿಯುತ್ತಾನೆ. ಅದರ ಬೆಲೆ ಬಿದ್ದಾಗ ಅವನಿಗೆ ಆಸರೆಯಾಗಿ ಮತ್ತೊಂದು ಬೆಳೆ ಇರುವುದಿಲ್ಲ. ನಿಮ್ಮ ಸಭೆಯಲ್ಲಿ ಸಂತೆ ಅಗ್ಗವೇ ಎಂಬ ಪ್ರಶ್ನೆ ಬಂದರೆ ದಯವಿಟ್ಟು ಈ ಮಾತನ್ನು ತಿಳಿಸಿ.

ಇನ್ನೊಂದು ಪ್ರಯೋಜನವನ್ನು ನಾನು ಸಂತೆಗೆ ಹೋದ ಮೇಲೆಯೇ ಅರಿತೆ. ಮಾರುಕಟ್ಟೆಯಲ್ಲಿ ಕಾಯಿ ಒಂದೇ ಗಾತ್ರದಲ್ಲಿರಬೇಕು, ಬಣ್ಣ ಒಂದೇ ಸಮನಾಗಿರಬೇಕು, ಇಲ್ಲದಿದ್ದರೆ ಅದು ಎರಡನೇ ದರ್ಜೆಗೆ ಇಳಿಯುತ್ತದೆ. ಸಂತೆಯಲ್ಲಿ ಹಾಗಲ್ಲ. ಸೌತೆಕಾಯಿ ಸೊಟ್ಟಗಿದ್ದರೂ ಕೋಸಂಬರಿಗೆ ಒದಗುತ್ತದೆ. ಪೂರ್ತಿ ಹಣ್ಣಾದ ಟೊಮೆಟೊವನ್ನು ಅಂದೇ ಸಾರು ಮಾಡುವವರು ಕಡಿಮೆ ಬೆಲೆಗೆ ಒಯ್ಯುತ್ತಾರೆ. ಮೂರು ವರ್ಷದ ಹಿಂದೆ ಒಬ್ಬ ತಾಯಿ ನನ್ನ ಬದನೆಕಾಯಿಯನ್ನು ನೋಡಿ, ಇಷ್ಟು ದಪ್ಪದ್ದು ಎಣ್ಣೆಗಾಯಿಗೆ ಆಗುವುದಿಲ್ಲವಪ್ಪ, ಗುಂಡಗೆ ಚಿಕ್ಕದಾಗಿರುವುದನ್ನು ಬೆಳೆದರೆ ವಾರವಾರವೂ ನಾನೇ ಎರಡು ಕಿಲೋ ಒಯ್ಯುತ್ತೇನೆ ಎಂದರು. ಮುಂದಿನ ಬೆಳೆಗೆ ಬೀಜವನ್ನೇ ಬದಲಿಸಿದೆ. ತಿನ್ನುವವರ ಮಾತು ಬೆಳೆಯುವವನ ಕಿವಿಗೆ ನೇರವಾಗಿ ಬೀಳುವುದು ಅಲ್ಲಿ ಮಾತ್ರ.

ಉತ್ತರ 2: ನಿವೃತ್ತ ತೋಟಗಾರಿಕೆ ಅಧಿಕಾರಿ, ತುಮಕೂರು

ಮೇಲಿನ ಬೆಳೆಗಾರರು ವಿಷಯದ ತಿರುಳನ್ನೇ ಹಿಡಿದಿದ್ದಾರೆ. ಅದಕ್ಕೆ ಹಿನ್ನೆಲೆಯಾಗಿ ಕೆಲವು ಸಂಗತಿಗಳನ್ನು ಸೇರಿಸುತ್ತೇನೆ.

ನಮ್ಮ ನಾಡಿಗೆ ಸಂತೆ ಹೊಸದಲ್ಲ; ಸಂತೇಮರಹಳ್ಳಿ, ಸಂತೇಬೆನ್ನೂರು, ಕೊಡಗಿನ ಶನಿವಾರಸಂತೆ, ಉಡುಪಿಯ ಸಂತೆಕಟ್ಟೆ ಮುಂತಾದ ಊರುಗಳ ಹೆಸರೇ ಅದಕ್ಕೆ ಸಾಕ್ಷಿ. ಆದರೆ ಬೆಳೆಗಾರ ಮಾತ್ರ ಕುಳಿತು ಮಾರಬೇಕು, ನಡುವೆ ಬೇರೆ ವ್ಯಾಪಾರಿ ಇರಬಾರದು ಎಂಬ ನಿಯಮದೊಡನೆ ನಗರದೊಳಗೆ ಸಂತೆ ಕಟ್ಟುವ ಪ್ರಯತ್ನ ಈಚಿನದು. ಪಂಜಾಬಿನ ಕಡೆ 1987ರಲ್ಲಿ ‘ಅಪ್ನಿ ಮಂಡಿ’ ಆರಂಭವಾಯಿತು. ಆಂಧ್ರಪ್ರದೇಶದಲ್ಲಿ 1999ರ ಜನವರಿಯಲ್ಲಿ ‘ರೈತು ಬಜಾರ್’ಗಳು ಬಂದವು. ಅದೇ ವರ್ಷದ ನವೆಂಬರಿನಲ್ಲಿ ತಮಿಳುನಾಡಿನ ಮದುರೆಯಲ್ಲಿ ಮೊದಲ ‘ಉಳವರ್ ಸಂದೈ’ ತೆರೆಯಿತು. ಇವುಗಳ ಕ್ರಮವನ್ನು ಗಮನಿಸುವುದು ನಿಮಗೆ ಉಪಯುಕ್ತ. ಇಂತಿಂಥವರು ಇಷ್ಟು ಜಮೀನಿನಲ್ಲಿ ಇಂತಿಂಥ ಬೆಳೆ ಇಟ್ಟಿದ್ದಾರೆ ಎಂದು ಅಧಿಕಾರಿಗಳು ಪರಿಶೀಲಿಸಿ ಭಾವಚಿತ್ರವಿರುವ ಗುರುತಿನ ಚೀಟಿ ಕೊಡುತ್ತಾರೆ. ಆ ಚೀಟಿ ಇದ್ದವರಿಗೆ ಮಾತ್ರ ಜಾಗ. ಪ್ರತಿದಿನ ಬೆಳಿಗ್ಗೆ ಸಗಟು ದರಕ್ಕಿಂತ ಹೆಚ್ಚು, ಹೊರಗಿನ ಚಿಲ್ಲರೆ ದರಕ್ಕಿಂತ ಕಡಿಮೆ ಇರುವಂತೆ ಬೆಲೆ ನಿಗದಿ ಮಾಡಿ ಫಲಕದ ಮೇಲೆ ಬರೆಯುತ್ತಾರೆ. ತೂಕದ ಯಂತ್ರವನ್ನು ಮಾರುಕಟ್ಟೆಯೇ ಒದಗಿಸುತ್ತದೆ. ತಮಿಳುನಾಡಿನಲ್ಲಿ ರೈತರ ಮೂಟೆಗಳನ್ನು ಸರ್ಕಾರಿ ಬಸ್ಸುಗಳಲ್ಲಿ ಸಾಗಿಸುವ ಅನುಕೂಲವನ್ನೂ ಮಾಡಿಕೊಟ್ಟಿದ್ದರು. 2001ರಲ್ಲಿ ಸರ್ಕಾರ ಬದಲಾದಾಗ ಆ ಸಂತೆಗಳು ಸೊರಗಿ, 2006ರ ನಂತರ ಮತ್ತೆ ಚೇತರಿಸಿಕೊಂಡವು. ಸರ್ಕಾರದ ಒಲವನ್ನೇ ನಂಬಿದ ಸಂತೆಗೆ ಈ ಅಪಾಯ ಸದಾ ಇರುತ್ತದೆಯಾದ್ದರಿಂದ, ನಿಮ್ಮಂಥ ನಿವಾಸಿಗಳ ಸಂಘವೊಂದು ಜಾಗ ಕೊಡುವುದನ್ನು ನಾನು ಹೆಚ್ಚು ಗಟ್ಟಿಯಾದ ತಳಹದಿ ಎಂದು ಭಾವಿಸುತ್ತೇನೆ.

ಕರ್ನಾಟಕ ಬೇರೊಂದು ದಾರಿಯನ್ನು ಬಹಳ ಮೊದಲೇ ಹಿಡಿದಿತ್ತು. 1959ರಲ್ಲಿ ತೋಟಗಾರಿಕೆ ಇಲಾಖೆಯ ಎಂ.ಎಚ್. ಮರಿಗೌಡರ ಆಸ್ಥೆಯಿಂದ ಬೆಂಗಳೂರಿನ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘ ಹುಟ್ಟಿತು; ಅದೇ ಬೆಳೆದು ಇಂದಿನ ಹಾಪ್‌ಕಾಮ್ಸ್ ಆಯಿತು. ಅಲ್ಲಿ ರೈತ ಸ್ವತಃ ಕುಳಿತು ಮಾರುವುದಿಲ್ಲ. ಅವನದೇ ಸಂಘ ಕೊಂಡು ತನ್ನ ಮಳಿಗೆಗಳಲ್ಲಿ ಮಾರುತ್ತದೆ. ಹೊಲದ ಕೆಲಸ ಬಿಟ್ಟು ಬರಲಾಗದ ರೈತನಿಗೆ ಅದು ಒಳ್ಳೆಯ ಮಾರ್ಗ.

ಈಗ ಲೆಕ್ಕದ ವಿಷಯ. ಭಾರತೀಯ ರಿಸರ್ವ್ ಬ್ಯಾಂಕ್ 2024ರಲ್ಲಿ ಪ್ರಕಟಿಸಿದ ಅಧ್ಯಯನಗಳ ಪ್ರಕಾರ, ಗ್ರಾಹಕ ಕೊಡುವ ಒಂದು ರೂಪಾಯಿಯಲ್ಲಿ ರೈತನಿಗೆ ಸಿಗುವುದು ಟೊಮೆಟೊದಲ್ಲಿ ಸುಮಾರು 33 ಪೈಸೆ, ಈರುಳ್ಳಿಯಲ್ಲಿ 36 ಪೈಸೆ, ಆಲೂಗೆಡ್ಡೆಯಲ್ಲಿ 37 ಪೈಸೆ. ಇದನ್ನು ಕೇಳಿದವರು ಉಳಿದ ಮೂರನೆಯ ಎರಡು ಭಾಗವನ್ನೆಲ್ಲ ಮಧ್ಯವರ್ತಿಗಳು ನುಂಗುತ್ತಾರೆ ಎಂದು ಸಿಟ್ಟಾಗುವುದು ಸಹಜ. ಆದರೆ ನಾನು ಇಲಾಖೆಯಲ್ಲಿದ್ದಷ್ಟು ಕಾಲವೂ ರೈತರಿಗೆ ಹೇಳುತ್ತಿದ್ದುದು ಬೇರೆ. ಆ ಉಳಿದ ಭಾಗದಲ್ಲಿ ಲಾಭವಷ್ಟೇ ಅಲ್ಲ, ಲಾರಿ ಬಾಡಿಗೆ, ಇಳಿಸುವ ಏರಿಸುವ ಕೂಲಿ, ದಾರಿಯಲ್ಲಿ ಕೊಳೆತು ಹೋಗುವ ಮಾಲು, ಅಂಗಡಿಯ ಬಾಡಿಗೆ ಎಲ್ಲವೂ ಸೇರಿವೆ. ರೈತ ತಾನೇ ಮಾರಲು ಹೊರಟರೆ ಇವುಗಳಲ್ಲಿ ಕೆಲವು ಇಲ್ಲವಾಗುತ್ತವೆ, ಕೆಲವು ಅವನ ಹೆಗಲಿಗೇ ಬರುತ್ತವೆ. ಸಂತೆಯಲ್ಲಿ ಕಳೆಯುವ ಅರ್ಧ ದಿನಕ್ಕೂ ಕೂಲಿ ಕಟ್ಟಬೇಕು. ದೂರ ಹೆಚ್ಚಾದಷ್ಟೂ ಈ ಲಾಭ ಕರಗುತ್ತ ಹೋಗುತ್ತದೆ. ಜಯಪುರದಿಂದ ಬೋಗಾದಿಗೆ ಬರುವವರಿಗೆ ಇದು ಖಂಡಿತ ಗಿಟ್ಟುತ್ತದೆ. ನೂರು ಕಿಲೋಮೀಟರ್ ದೂರದಿಂದ ಬರುವವರಿಗೆ ಗಿಟ್ಟುವುದು ಕಷ್ಟ. ಆದ್ದರಿಂದ ಸುತ್ತಲಿನ ಹಳ್ಳಿಯವರು ಎಂಬ ನಿಮ್ಮ ಮಿತಿಯನ್ನು ಸಡಿಲಿಸಬೇಡಿ.

ಉತ್ತರ 3: ತರಕಾರಿ ಮಂಡಿಯ ಮನೆತನದವನು, ದಾವಣಗೆರೆ

ನನ್ನ ತಂದೆಯವರು ಮೂವತ್ತು ವರ್ಷ ತರಕಾರಿ ಮಂಡಿ ನಡೆಸಿದವರು. ಆದ್ದರಿಂದ ಇನ್ನೊಂದು ಬದಿಯ ಮಾತನ್ನೂ ಸಭೆಯ ಮುಂದಿಡಿ ಎಂದು ವಿನಂತಿಸುತ್ತೇನೆ.

ಮೊದಲನೆಯ ಉತ್ತರದಲ್ಲಿ ಬೆಳೆಗಾರರು ಹೇಳಿದ ಬಿಳಿ ಚೀಟಿಯ ವ್ಯವಹಾರ ತಪ್ಪು. 1966ರ ಕೃಷಿ ಉತ್ಪನ್ನ ಮಾರುಕಟ್ಟೆ ಕಾಯ್ದೆಯ ವ್ಯವಸ್ಥೆಯಲ್ಲಿ ದಲ್ಲಾಳಿಯು ಕಮಿಷನ್ನನ್ನು ಖರೀದಿದಾರರಿಂದ ಪಡೆಯಬೇಕೇ ಹೊರತು ರೈತನ ಲೆಕ್ಕದಲ್ಲಿ ಮುರಿಯುವಂತಿಲ್ಲ. ಮುರಿಯುವವರು ಇದ್ದಾರೆ ಎಂಬುದನ್ನು ನಾನು ನಿರಾಕರಿಸುವುದಿಲ್ಲ, ಸಮರ್ಥಿಸುವುದೂ ಇಲ್ಲ. ಆದರೆ ರೈತರು ಮಂಡಿಯನ್ನು ಬಿಡದಿರುವುದಕ್ಕೆ ಕಾರಣಗಳಿವೆ. ಬೀಜಕ್ಕೆ, ಗೊಬ್ಬರಕ್ಕೆ, ಮಗಳ ಮದುವೆಗೆ, ಆಸ್ಪತ್ರೆಯ ಖರ್ಚಿಗೆ ರಾತ್ರಿ ಹತ್ತು ಗಂಟೆಗೆ ಬಾಗಿಲು ತಟ್ಟಿದರೂ ಮುಂಗಡ ಕೊಡುವವನು ಮಂಡಿಯವನೇ. ಆ ಮುಂಗಡವೇ ರೈತನನ್ನು ಒಂದೇ ಮಂಡಿಗೆ ಕಟ್ಟಿಹಾಕುತ್ತದೆ ಎಂಬುದೂ ನಿಜ. ಎರಡನ್ನೂ ನಮ್ಮ ಮನೆಯಲ್ಲೇ ಕಣ್ಣಾರೆ ಕಂಡಿದ್ದೇನೆ. ಅಲ್ಲದೆ ಮಳೆ ಬಂದ ದಿನವೂ, ಹಬ್ಬದ ಮಾರನೆಯ ದಿನವೂ, ತಂದ ಮಾಲನ್ನೆಲ್ಲ ಮಂಡಿ ಇಳಿಸಿಕೊಳ್ಳುತ್ತದೆ. ಸಂತೆಯಲ್ಲಿ ಆ ಭರವಸೆಯಿಲ್ಲ. ಮಳೆ ಹನಿದರೆ ನಿಮ್ಮ ಬಡಾವಣೆಯವರು ಮನೆಯಿಂದ ಹೊರಬರುತ್ತಾರೆಯೆ? ಕುಳಿತವರ ಸೊಪ್ಪು ಮಧ್ಯಾಹ್ನದ ಹೊತ್ತಿಗೆ ಏನಾಗಬೇಕು? ಇದನ್ನು ಮೊದಲೇ ಯೋಚಿಸಿ.

ಬಂದವರು ಬೆಳೆಗಾರರೇ ಎಂದು ತಿಳಿಯುವುದು ಹೇಗೆ ಎಂಬ ಪ್ರಶ್ನೆಗೆ ಮಂಡಿಯವರ ಕಣ್ಣಿನಿಂದ ಉತ್ತರಿಸುತ್ತೇನೆ, ಏಕೆಂದರೆ ಇದು ನಮಗೆ ಬಲು ಬೇಗ ತಿಳಿಯುತ್ತದೆ. ಬೆಳೆಗಾರನ ಮುಂದೆ ನಾಲ್ಕೈದು ಬಗೆಗಿಂತ ಹೆಚ್ಚು ಇರುವುದಿಲ್ಲ, ಇರುವುದೂ ಒಂದೇ ಗಾತ್ರದಲ್ಲಿ ಇರುವುದಿಲ್ಲ. ಸೊಪ್ಪಿನ ಬೇರಿನಲ್ಲಿ ಮಣ್ಣು ಹಸಿಯಾಗಿರುತ್ತದೆ. ಹದಿನೈದು ಬಗೆಯ ತರಕಾರಿಯನ್ನು ಜೋಡಿಸಿಟ್ಟುಕೊಂಡು, ಅದರ ನಡುವೆ ಊಟಿಯ ಕ್ಯಾರೆಟ್ಟನ್ನೂ ಇಟ್ಟವರು ಹಿಂದಿನ ರಾತ್ರಿ ಸಗಟು ಮಾರುಕಟ್ಟೆಗೆ ಹೋಗಿ ಬಂದವರು. ಅವರೂ ಹೊಟ್ಟೆಪಾಡಿಗಾಗಿ ದುಡಿಯುವವರೇ, ಅವರನ್ನು ಅವಮಾನಿಸಬೇಕಾಗಿಲ್ಲ. ಆದರೆ ನೀವು ಕಟ್ಟಲು ಹೊರಟಿರುವ ಸಂತೆ ಅವರದಲ್ಲ. ಒಮ್ಮೆ ಒಬ್ಬರಿಗೆ ಸಡಿಲ ಬಿಟ್ಟರೆ, ಆರು ತಿಂಗಳಲ್ಲಿ ನಿಜವಾದ ಬೆಳೆಗಾರರು ಅವರ ಬೆಲೆಗೆ ನಿಲ್ಲಲಾರದೆ ಮನೆಯಲ್ಲೇ ಉಳಿಯುತ್ತಾರೆ. ಸಂಘದ ಇಬ್ಬರು ಸದಸ್ಯರು ಎರಡು ತಿಂಗಳಿಗೊಮ್ಮೆ ಅವರ ಹೊಲಗಳಿಗೇ ಹೋಗಿ ನೋಡಿ ಬನ್ನಿ. ಅದಕ್ಕಿಂತ ಒಳ್ಳೆಯ ಗುರುತಿನ ಚೀಟಿ ನನಗೆ ತಿಳಿದಿಲ್ಲ.

ಉತ್ತರ 4: ಶಾಲಾ ಶಿಕ್ಷಕಿ, ಗದಗ

ಇಲ್ಲಿಯವರೆಗಿನ ಚರ್ಚೆಯಲ್ಲಿ ರೈತ ಎಂದಾಗಲೆಲ್ಲ ಅವನು, ಅವನಿಗೆ ಎಂದೇ ಬರೆಯಲಾಗಿದೆ. ನಮ್ಮ ಕಡೆಯ ಯಾವುದೇ ಸಂತೆಗೆ ಬಂದು ನೋಡಿದರೆ, ಪಲ್ಯದ, ಅಂದರೆ ಸೊಪ್ಪಿನ, ಸಾಲಿನಲ್ಲಿ ಕುಳಿತವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳೇ. ಆದ್ದರಿಂದ ಅವರ ಬಗ್ಗೆ ಬರೆಯುವುದು ನನ್ನ ಕರ್ತವ್ಯವೆಂದು ತಿಳಿದಿದ್ದೇನೆ.

ಹತ್ತರಕಿ, ಗೋಳಿ ಪಲ್ಯ, ಕಿರಕಸಾಲಿ ಮುಂತಾದ ಸೊಪ್ಪುಗಳನ್ನು ಸಾಮಾನ್ಯವಾಗಿ ಯಾರೂ ಬಿತ್ತಿ ಬೆಳೆಯುವುದಿಲ್ಲ. ಹೊಲದಲ್ಲಿ ಕಳೆ ತೆಗೆಯುವಾಗ, ತಿನ್ನಲು ಬರುವುದನ್ನು ಹೆಣ್ಣುಮಕ್ಕಳು ಆರಿಸಿ ಉಡಿಯಲ್ಲಿ ಕಟ್ಟಿಕೊಳ್ಳುತ್ತಾರೆ. ಮನೆಗೆ ಬೇಕಾದಷ್ಟು ಇಟ್ಟುಕೊಂಡು ಉಳಿದದ್ದನ್ನು ಸಂತೆಗೆ ತರುತ್ತಾರೆ. ನಿಮ್ಮ ಮೈಸೂರಿನ ಕಡೆ ಬೆರಕೆ ಸೊಪ್ಪು ಎನ್ನುತ್ತಾರಲ್ಲ, ಅದೂ ಇದೇ ಬಗೆಯದು. ಯಾವ ಮೊಬೈಲ್ ಅಂಗಡಿಯ ಪಟ್ಟಿಯಲ್ಲೂ ಅದು ಬರಲಾರದು, ಏಕೆಂದರೆ ಇಂದಿನ ಕಟ್ಟಿನಲ್ಲಿ ಇರುವ ಎಲೆಗಳು ಮುಂದಿನ ವಾರದ ಕಟ್ಟಿನಲ್ಲಿ ಇರುವುದಿಲ್ಲ. ಯಾವುದನ್ನು ಯಾವುದರ ಜೊತೆ ಬೇಯಿಸಬೇಕು, ಯಾವುದನ್ನು ಹಸಿಯಾಗಿಯೇ ರೊಟ್ಟಿಯೊಡನೆ ತಿನ್ನಬೇಕು, ಬಾಣಂತಿಗೆ ಯಾವುದನ್ನು ಕೊಡಬಾರದು ಎಂದು ಮಾರುವಾಕೆ ತಾನೇ ಹೇಳುತ್ತಾಳೆ. ನನಗೆ ಅಡುಗೆಯ ಅರ್ಧ ವಿದ್ಯೆ ಬಂದದ್ದು ಹೀಗೆ. ಕೊಳ್ಳುವವರು ಇರುವವರೆಗೆ ಆ ಸೊಪ್ಪುಗಳ ಗುರುತು ಉಳಿಯುತ್ತದೆ. ಕೊಳ್ಳುವವರು ಇಲ್ಲವಾದ ಹೊಲದಲ್ಲಿ ಕಳೆನಾಶಕ ಹೊಡೆಯುತ್ತಾರೆ, ಕೆಲವೇ ದಿನಗಳಲ್ಲಿ ಎಲ್ಲವೂ ಒಣಗುತ್ತದೆ.

ಹಣದ ಮಾತು ಇನ್ನೊಂದು. ಶೇಂಗಾ, ಜೋಳ, ಹತ್ತಿ ಮಾರಿದ ಹಣ ಗಂಡಸರ ಹೆಸರಿನ ಖಾತೆಗೆ ಹೋಗುತ್ತದೆ. ಸಂತೆಯಲ್ಲಿ ಮಾರಿದ ಪಲ್ಯದ ಹಣ ಹೆಣ್ಣುಮಗಳ ಎಲೆಅಡಿಕೆ ಚೀಲದಲ್ಲಿ ಉಳಿಯುತ್ತದೆ. ನನ್ನ ಶಾಲೆಯ ಮಕ್ಕಳ ನೋಟುಪುಸ್ತಕ, ಕಂಪಾಸು, ಪ್ರವಾಸದ ಹಣ ಎಷ್ಟೋ ಸಲ ಆ ಚೀಲದಿಂದಲೇ ಬಂದಿರುವುದನ್ನು, ಹತ್ತು ರೂಪಾಯಿಯ ಮಡಿಸಿದ ನೋಟುಗಳಾಗಿ ಬಂದಿರುವುದನ್ನು, ಎಣಿಸಿಕೊಂಡವಳು ನಾನು. 2020ರ ಲಾಕ್‌ಡೌನಿನಲ್ಲಿ ವಾರದ ಸಂತೆಗಳು ನಿಂತಾಗ ಮೊದಲು ಬರಿದಾದದ್ದು ಅದೇ ಚೀಲ. 2023ರ ಜೂನ್‌ನಿಂದ ಸಾಮಾನ್ಯ ಬಸ್ಸುಗಳಲ್ಲಿ ಮಹಿಳೆಯರ ಪ್ರಯಾಣ ಉಚಿತವಾದ ಮೇಲೆ, ಮೊದಲು ಒಂದು ಸಂತೆಗೆ ಮಾತ್ರ ಹೋಗುತ್ತಿದ್ದವರು ಎರಡನೆಯ ಊರಿನ ಸಂತೆಗೂ ಹೋಗುತ್ತಿರುವುದನ್ನು ನಮ್ಮ ಬೀದಿಯಲ್ಲೇ ಕಾಣುತ್ತಿದ್ದೇನೆ. ನಿಮ್ಮಲ್ಲಿಗೆ ಬರುವವರೂ ಬುಟ್ಟಿ ಹೊತ್ತು ನಸುಕಿನ ಮೊದಲ ಬಸ್ಸಿಗೇ ಬರುವರು.

ಆದ್ದರಿಂದ ನನ್ನ ಬೇಡಿಕೆ ಒಂದೇ. ಸಮುದಾಯ ಭವನದ ಶೌಚಾಲಯವನ್ನು ಸಂತೆ ನಡೆಯುವಷ್ಟು ಹೊತ್ತು ಅವರಿಗೆ ತೆರೆದಿಡಿ, ಕುಡಿಯುವ ನೀರು ಇಡಿ. ಶೌಚಾಲಯವಿಲ್ಲದ ಸಂತೆಯಲ್ಲಿ ಹೆಣ್ಣುಮಕ್ಕಳು ಹಿಂದಿನ ರಾತ್ರಿಯಿಂದಲೇ ನೀರು ಕುಡಿಯುವುದನ್ನು ಬಿಡುತ್ತಾರೆ. ಇದನ್ನು ಅವರು ಸಂಘದ ಮನವಿಯಲ್ಲಿ ಬರೆಯುವುದಿಲ್ಲ, ಕೇಳಿದರೂ ನಾಚಿಕೆಯಿಂದ ಹೇಳುವುದಿಲ್ಲ. ನೀವೇ ಮೊದಲಾಗಿ ಕೊಡಬೇಕು.

ಹಾಗೆಯೇ ದಯವಿಟ್ಟು ಚೌಕಾಸಿಗೆ ಒಂದು ಮಿತಿ ಇರಲಿ. ಐದು ರೂಪಾಯಿಯ ಸೊಪ್ಪಿನ ಸಿವುಡನ್ನು ಮೂರಕ್ಕೆ ಇಳಿಸಿದರೆ ಕೊಳ್ಳುವವರಿಗೆ ಉಳಿಯುವುದು ಎರಡು ರೂಪಾಯಿ. ನಲವತ್ತು ಸಿವುಡು ತಂದವಳಿಗೆ ಕಳೆಯುವುದು ಎಂಬತ್ತು ರೂಪಾಯಿ.

ಮತ್ತೆ ಬೋಗಾದಿಯ ನಿವಾಸಿ

ನಾಲ್ವರಿಗೂ ಹೃತ್ಪೂರ್ವಕ ಧನ್ಯವಾದಗಳು. ಸಂತೆ ಅಗ್ಗವೇ ಎಂಬ ಪ್ರಶ್ನೆಗೆ ಉತ್ತರ ಹುಡುಕುತ್ತಿದ್ದೆ. ಅದು ಮೂಲ ಪ್ರಶ್ನೆಯಲ್ಲ ಎಂದು ಈಗ ತಿಳಿಯಿತು. ಬೇರೆಲ್ಲೂ ಜಾಗವಿಲ್ಲದ ಸಣ್ಣ ಮಾಲಿಗೆ, ಹೆಸರಿಲ್ಲದ ಸೊಪ್ಪಿಗೆ ನಾವು ಜಾಗ ಕೊಡುತ್ತಿದ್ದೇವೆ ಎಂದು ಸಭೆಗೆ ತಿಳಿಸುತ್ತೇನೆ.

ಶಿಕ್ಷಕಿಯವರ ಮಾತನ್ನು ಓದಿದ ದಿನವೇ ಭವನದ ಬೀಗದ ಕೈ ಇರುವ ಹಿರಿಯರನ್ನು ಕಂಡು ಮಾತನಾಡಿದೆ. ಶೌಚಾಲಯ ಮತ್ತು ನೀರಿನ ವ್ಯವಸ್ಥೆಗೆ ಅವರು ಒಪ್ಪಿದ್ದಾರೆ. ಮುಂದಿನ ವಾರ ನಾವು ಮೂವರು ಮನವಿ ಕೊಟ್ಟವರ ಹೊಲಗಳಿಗೆ ಹೋಗಿ ಬರುವುದೆಂದು ನಿಶ್ಚಯಿಸಿದ್ದೇವೆ. ವಾಹನಗಳನ್ನು ಹಿಂದಿನ ಅಡ್ಡರಸ್ತೆಯಲ್ಲಿ ನಿಲ್ಲಿಸುವುದು, ಪ್ಲಾಸ್ಟಿಕ್ ಚೀಲವನ್ನು ಒಳಗೆ ಬಿಡದಿರುವುದು, ಸೊಪ್ಪು ಸೊದೆಯ ಕಸವನ್ನು ಉದ್ಯಾನದ ಗೊಬ್ಬರದ ಗುಂಡಿಗೆ ಹಾಕುವುದು ಎಂದು ಬರೆದುಕೊಂಡಿದ್ದೇನೆ. ದಾವಣಗೆರೆಯ ಮಿತ್ರರು ಎತ್ತಿದ, ಮಾರಾಟವಾಗದೆ ಉಳಿದ ಮಾಲಿನ ಪ್ರಶ್ನೆಗೆ ಮಾತ್ರ ನನ್ನಲ್ಲಿ ಇನ್ನೂ ಉತ್ತರವಿಲ್ಲ. ಚಿಂತಾಮಣಿಯ ಬೆಳೆಗಾರರು ಏನು ಮಾಡುತ್ತಾರೆಂದು ತಿಳಿಸುವಿರಾ?

ಉತ್ತರ 5: ತರಕಾರಿ ಬೆಳೆಗಾರ, ಚಿಂತಾಮಣಿ ತಾಲ್ಲೂಕು

ಮೊದಲ ಕೆಲವು ವಾರ ಮಾಲು ಉಳಿಯುತ್ತದೆ, ಅದನ್ನು ತಪ್ಪಿಸಲಾಗದು. ಎಷ್ಟು ಹೋಗುತ್ತದೆ ಎಂಬ ಅಂದಾಜು ಬರುವವರೆಗೆ, ಹೊಲದಲ್ಲಿ ಸಿಕ್ಕಿದ್ದನ್ನೆಲ್ಲ ಕೊಯ್ದು ತರಬೇಡಿ ಎಂದು ಅವರಿಗೆ ಹೇಳಿ. ಬೇರುಸಹಿತ ಕಿತ್ತ ಸೊಪ್ಪು ಅಂದೇ ಹೋಗಬೇಕು. ಕುಂಬಳ, ಬೂದುಗುಂಬಳ, ಗೆಣಸು, ಒಣಗಿದ ಕಾಳುಗಳು ಮುಂದಿನ ವಾರಕ್ಕೂ ಉಳಿಯುತ್ತವೆ. ಆದ್ದರಿಂದ ಪ್ರತಿಯೊಬ್ಬರೂ ಎರಡು ಬಗೆಯನ್ನೂ ತಂದರೆ ನಷ್ಟ ಹಗುರವಾಗುತ್ತದೆ.

ನಮ್ಮ ಸಂತೆಯಲ್ಲಿ ಒಂದು ಏರ್ಪಾಡಿದೆ. ಹತ್ತಿರದ ವಿದ್ಯಾರ್ಥಿ ನಿಲಯದ ಅಡುಗೆಯವರು ಮುಗಿಯುವ ಹೊತ್ತಿಗೆ ಬಂದು, ಉಳಿದ ಸೊಪ್ಪು ತರಕಾರಿಯನ್ನು ಒಟ್ಟಿಗೆ ಒಂದು ಬೆಲೆ ಕಟ್ಟಿ ಒಯ್ಯುತ್ತಾರೆ. ಬೆಲೆ ಕಡಿಮೆಯಾದರೂ ನಮಗೆ ಖಾಲಿ ಬುಟ್ಟಿಯೊಡನೆ ಮನೆಗೆ ಹೋಗುವ ಸಮಾಧಾನವಿದೆ, ಮಕ್ಕಳಿಗೂ ಅಂದು ಕೊಯ್ದ ಸೊಪ್ಪಿನ ಸಾರು ಸಿಗುತ್ತದೆ. ಮೈಸೂರಿನಲ್ಲಿ ವಿದ್ಯಾರ್ಥಿ ನಿಲಯಗಳಿಗೆ ಕೊರತೆಯಿಲ್ಲ, ಒಂದನ್ನು ಮೊದಲೇ ಮಾತನಾಡಿಕೊಳ್ಳಿ. ಮಳೆಗಾಲಕ್ಕೆ ಭವನದ ಮುಂಭಾಗದ ಚಾವಣಿಯ ಕೆಳಗೆ ಕುಳಿತುಕೊಳ್ಳಲು ಬಿಟ್ಟರೆ ಸಾಕು.

ಒಂದು ಸಲಹೆ ಬಾಕಿ ಇದೆ. ಬೇಸಗೆಯಲ್ಲಿ ಆರಂಭಿಸಬೇಡಿ, ಆಗ ನೀರು ಕಡಿಮೆ, ತರುವುದಕ್ಕೂ ಹೆಚ್ಚೇನಿರುವುದಿಲ್ಲ. ಇಬ್ಬನಿ ಬೀಳುವ ಡಿಸೆಂಬರಿನಲ್ಲಿ ಸೊಗಡು ಅವರೆ ಬರುತ್ತದೆ. ಅವರೆಕಾಯಿಯ ಮೂಟೆ ಬಿಚ್ಚಿದರೆ ಅದರ ವಾಸನೆಗೇ ಜನ ನಿಲ್ಲುತ್ತಾರೆ, ಒಬ್ಬೊಬ್ಬರೂ ಎರಡು ಮೂರು ಕಿಲೋ ಒಯ್ಯುತ್ತಾರೆ, ಮಾರುವವರಿಗೆ ಬೆಳಿಗ್ಗೆಯೇ ಒಳ್ಳೆಯ ಬೋಣಿಯಾಗುತ್ತದೆ. ಅವರೆಗೆಂದು ಬಂದವರು ಪಕ್ಕದ ಬುಟ್ಟಿಯ ದಂಟನ್ನೂ ನೋಡುತ್ತಾರೆ. ಸಂಕ್ರಾಂತಿಯ ಹೊತ್ತಿಗೆ ಅವರಿಗೆ ನಿಮ್ಮ ಮನೆಗಳ ಪರಿಚಯವೂ, ನಿಮಗೆ ಅವರ ಹೊಲಗಳ ಪರಿಚಯವೂ ಆಗಿರುತ್ತದೆ. ಸಭೆಯಲ್ಲಿ ಏನು ತೀರ್ಮಾನವಾಯಿತೆಂದು ಇಲ್ಲಿಯೇ ತಿಳಿಸಿ. ಮೈಸೂರಿಗೆ ಬಂದಾಗ ಒಂದು ಭಾನುವಾರ ನಾನೂ ನಿಮ್ಮ ಸಂತೆಯನ್ನು ನೋಡಬೇಕೆಂದಿದ್ದೇನೆ.